ಸಮಾಧಾನಕ್ಕೆ ಅಷ್ಟು ಅವಸರ ಬೇಡ

ನಮಸ್ಕಾರ ಮೇಡಂ,

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ ಎಂದು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಉಡುಪಿ ಕಡೆಯ ಕ್ಯಾಥೊಲಿಕ್ ಮನೆ. ಬೈಕ್ ಅಪಘಾತದಲ್ಲಿ ಮಗ ರೋಶನ್ ತೀರಿಕೊಳ್ಳುತ್ತಾನೆ. ತಾಯಿ ಸಿಸಿಲಿಯಾ ಕುಸಿದುಹೋಗುತ್ತಾಳೆ, ತಂದೆ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವುದನ್ನೇ ಬಿಡುತ್ತಾನೆ. ಕೊನೆಗೆ ಇಬ್ಬರಿಗೂ ಭರವಸೆ ಸಿಗುತ್ತದೆ. ಕಥೆ ಗಟ್ಟಿಯಾಗಿದೆ. ತೊಂದರೆ ಇರುವುದು ನಿಮ್ಮ ಅವಸರದಲ್ಲಿ. ಎರಡನೇ ಅಧ್ಯಾಯದಲ್ಲಿ ಮಣ್ಣು. ಮೂರನೆಯದರಲ್ಲೇ ಫಾದರ್ ಬಂದು ನಾಲ್ಕು ಪುಟ ಮಾತಾಡುತ್ತಾರೆ, ತಾಯಿಯ ಮನಸ್ಸು ಹಗುರವಾಗುತ್ತದೆ. ಹೆತ್ತವಳು ಅಷ್ಟು ಬೇಗ ಒಪ್ಪಿಕೊಳ್ತಾಳಾ? ಮನೆಯಲ್ಲಿ ಸಾವು ಕಂಡವರು ಇದನ್ನು ಓದಿದರೆ, ನನಗಿನ್ನೂ ಸಮಾಧಾನ ಆಗಿಲ್ಲವಲ್ಲ, ನನ್ನ ನಂಬಿಕೆಯೇ ಕಡಿಮೆಯೇನೋ ಎಂದು ಇನ್ನಷ್ಟು ನೊಂದುಕೊಳ್ಳುತ್ತಾರೆ.

ಬೈಬಲ್ ಇಷ್ಟು ಅವಸರ ಮಾಡುವುದಿಲ್ಲ. ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಲಾಸರನಿಗೆ ಕಾಯಿಲೆ ಎಂದು ಗೊತ್ತಾದ ಮೇಲೂ ಯೇಸು ಎರಡು ದಿನ ಇದ್ದಲ್ಲೇ ಇರುತ್ತಾರೆ. ಬರುವಷ್ಟರಲ್ಲಿ ಸಮಾಧಿ ಮಾಡಿ ನಾಲ್ಕು ದಿನ ಕಳೆದಿದೆ. ನೀವು ಇಲ್ಲಿ ಇದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ ಎಂದು ಲಾಸರನ ಸಹೋದರಿ ಮಾರ್ಥಾ ನೇರವಾಗಿ ಹೇಳಿಬಿಡುತ್ತಾಳೆ. ಆಮೇಲೆ ಇನ್ನೊಬ್ಬ ಸಹೋದರಿ ಮರಿಯಾಳೂ ಅದನ್ನೇ ಹೇಳುತ್ತಾಳೆ. ಲಾಸರನನ್ನು ಸಾವಿನಿಂದ ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಯೇಸು ಅಳುತ್ತಾರೆ. 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ಸುಮ್ನೆ ಕೂತಿದ್ದರು. ಎಡವಿದ್ದು ಬಾಯಿ ಬಿಟ್ಟ ಮೇಲೆ. ಕೊನೆಗೆ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ, ಜಗಳಕ್ಕೆ ನಿಂತ ಯೋಬನ ಮೇಲಲ್ಲ. ಹಾಗಿರುವಾಗ ಸಿಸಿಲಿಯಾಳ ಬಾಯಿ ಯಾಕೆ ಕಟ್ಟುತ್ತೀರಿ? ಅವಳು ದೇವರ ಹತ್ತಿರ ಜಗಳ ಆಡಲಿ. ನಿಮ್ಮ ಫಾದರ್ ಒಂದು ದಿನವಾದರೂ ಏನೂ ಹೇಳದೆ ಕೂತು, ಚಹಾ ಕುಡಿದು ಹೋಗಲಿ.

ಇನ್ನು ಐದನೇ ಅಧ್ಯಾಯ. ಸೆಪ್ಟೆಂಬರ್ 8, ಮೊಂತಿ ಫೆಸ್ತ್, ಮಾತೆ ಮರಿಯಳ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಇಗರ್ಜಿಯಿಂದ ತಂದ ಹೊಸ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಪಾಯಸಕ್ಕೆ ಹಾಕುತ್ತಾರೆ. ಹಂಚುವಾಗ ಸಿಸಿಲಿಯಾ ಅಭ್ಯಾಸಬಲದಿಂದ ನಾಲ್ಕು ಲೋಟ ಇಡುತ್ತಾಳೆ. ಒಂದನ್ನು ವಾಪಸ್ ಕಪಾಟಿಗೆ ಇಡಲಿಕ್ಕೆ ಅವಳಿಂದ ಆಗುವುದಿಲ್ಲ. ಮಗಳು ಏನೂ ಮಾತಾಡದೆ ಆ ಲೋಟದ್ದನ್ನೂ ತಾನೇ ಕುಡಿಯುತ್ತಾಳೆ. ಇಲ್ಲಿ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ‘ದುಃಖ’ ಎಂಬ ಪದ ಈ ಪುಟದಲ್ಲಿ ಒಂದು ಸಲವೂ ಇಲ್ಲ, ಗಮನಿಸಿದಿರಾ? ಎರಡನೇ ಅಧ್ಯಾಯದಲ್ಲಿ ಸಾಲಿಗೊಂದು ‘ಕಣ್ಣೀರ ಕೋಡಿ’, ‘ಎದೆ ಬಿರಿಯುವ ಆಕ್ರಂದನ’. ಅವನ್ನೆಲ್ಲ ತೆಗೆಯಿರಿ. ನಿಮಗೆ ಅವುಗಳ ಅಗತ್ಯವಿಲ್ಲ ಎಂದು ಈ ಲೋಟವೇ ತೋರಿಸಿದೆ. ನನ್ನನ್ನು ಕೇಳಿದರೆ ಕಾದಂಬರಿ ಶುರುವಾಗಬೇಕಾದದ್ದೇ ಇಲ್ಲಿಂದ.

ತಂದೆ ಲಾರೆನ್ಸ್ ಬದಲಾಗುವುದು ಒಂದು ಕನಸಿನಿಂದ. ಮಗ ಬೆಳಕಿನಲ್ಲಿ ನಿಂತು ಮಾತಾಡುತ್ತಾನೆ, ಬೆಳಿಗ್ಗೆ ಅಪ್ಪ ಪೂಜೆಗೆ ಹೊರಡುತ್ತಾನೆ. ಇದು ಸಿನಿಮಾದಲ್ಲಿ ಜಾಸ್ತಿ ಕಂಡದ್ದು, ಅಲ್ವಾ? ನವೆಂಬರ್ 2ರ ಮೃತರ ಸ್ಮರಣೆಯ ದಿನ ನಿಮ್ಮ ಕೈಯಲ್ಲೇ ಇದೆ. ಹಿಂದಿನ ದಿನ ಅವನು ಕತ್ತಿ ಹಿಡಿದು ಮಗನ ಸಮಾಧಿಯ ಸುತ್ತ ಹುಲ್ಲು ಕೊಯ್ಯಲಿ. ಮರುದಿನ ಇಗರ್ಜಿಯ ಒಳಗೆ ಬರದೆ, ನೇರ ಅಲ್ಲಿಗೇ ಬಂದು ಮೇಣದಬತ್ತಿ ಹಚ್ಚಲಿ. ಆ ಅಧ್ಯಾಯದಲ್ಲಿ ಅಷ್ಟು ಸಾಕು.

ಇದು ಧಾರ್ಮಿಕ ಕಾದಂಬರಿ, ಬೇರೆಯವರು ಓದುತ್ತಾರಾ ಎಂದು ಪತ್ರದಲ್ಲಿ ಕೇಳಿದ್ದೀರಿ. ಖಂಡಿತ ಓದುತ್ತಾರೆ. ನೊವೆನಾ, ತೇರ್ಸ್‌ನಂಥ ಪ್ರಾರ್ಥನೆಗಳು ಅಂದರೇನು ಎಂದು ವಿವರಿಸುತ್ತಾ ಕೂರಬೇಡಿ. ಜನ ಮೊಣಕಾಲೂರಿದ್ದನ್ನು ತೋರಿಸಿ, ಓದುಗರಿಗೆ ಅರ್ಥವಾಗುತ್ತದೆ.

ಮೊದಲ ಐದು ಅಧ್ಯಾಯಗಳನ್ನು ತಿದ್ದಿ ಕಳಿಸಿ, ನಾನೇ ಓದುತ್ತೇನೆ. ಮೂರನೇ ಅಧ್ಯಾಯವನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಒಳ್ಳೆಯದು.

ಇಂತಿ,
ಸಂಪಾದಕ