ಓದುಗರ ಪ್ರಶ್ನೆ: ರೋಮಿನಲ್ಲಿ ಬಡವರ ಮತ ಎಲ್ಲಿ ಹೋಯಿತು?

ಪ್ರಶ್ನೆ: ಮಗಳು ಪ್ಲಸ್ ವನ್ ಚರಿತ್ರೆಯ ನೋಟಿನಲ್ಲಿ ‘ಪೆಟ್ರೀಶಿಯನ್ ಎಂದರೆ ಶ್ರೀಮಂತ, ಪ್ಲೀಬಿಯನ್ ಎಂದರೆ ಬಡವ’ ಎಂದು ಬರೆದುಕೊಂಡಿದ್ದಾಳೆ. ಸರಿಯೇ? ಬಡವರಿಗೂ ಮತ ಇತ್ತಂತೆ. ಹಾಗಿದ್ದರೆ ಅವರೇಕೆ ಗೆಲ್ಲಲಿಲ್ಲ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಆ ಸಾಲನ್ನು ಹೊಡೆದುಹಾಕಲು ಹೇಳಿ. ಹಳೆಯ ರೋಮಿನಲ್ಲಿ ಪೆಟ್ರೀಶಿಯನ್ ಎನ್ನುವುದು ಹುಟ್ಟಿದ ಮನೆತನದ ಮಾತು, ಹಣದ್ದಲ್ಲ. ಆ ಮನೆತನಗಳಿಗೆ ಸೇರದ ಉಳಿದ ಪ್ರಜೆಗಳೆಲ್ಲ ಪ್ಲೀಬಿಯನ್ನರು. ಮಹಾ ಸಿರಿವಂತ ಕ್ರಾಸಸ್ ಪ್ಲೀಬಿಯನ್. ಮುಂದೆ ರೋಮಿನ ಸರ್ವಾಧಿಕಾರಿಯಾದ, ಪೆಟ್ರೀಶಿಯನ್ ಮನೆತನದ ಸುಲ್ಲಾ ಹರೆಯದಲ್ಲಿ ಕಡಿಮೆ ಬಾಡಿಗೆಯ ಮನೆಯಲ್ಲಿದ್ದ. ಕ್ರಿ.ಪೂ. 445ರಲ್ಲಿ ಇವರ ನಡುವಿನ ಮದುವೆಗೆ ಕಾನೂನು ಒಪ್ಪಿತು. 367ರಲ್ಲಿ ಪ್ಲೀಬಿಯನ್ನರಿಗೆ ಕಾನ್ಸಲ್, ಅಂದರೆ ವರ್ಷಕ್ಕೊಮ್ಮೆ ಆರಿಸುವ ಇಬ್ಬರು ಮುಖ್ಯ ಅಧಿಕಾರಿಗಳ ಪದವಿಯೂ ತೆರೆಯಿತು.

ಹಣದ ವರ್ಗ ಬೇರೆಯೇ. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಸೆನ್ಸರ್ ಎಂಬ ಅಧಿಕಾರಿಗಳು ಆಸ್ತಿ ಬರೆಸಿಕೊಂಡು ಜನರನ್ನು ಐದು ವರ್ಗಕ್ಕೆ ಹಾಕುತ್ತಿದ್ದರು. ಕಾನ್ಸಲರನ್ನು ಆರಿಸುವಾಗ ತಲೆ ಎಣಿಸುತ್ತಿರಲಿಲ್ಲ, ಸೆಂಚುರಿ ಎಂಬ ಗುಂಪುಗಳನ್ನು ಎಣಿಸುತ್ತಿದ್ದರು. ಗುಂಪಿನೊಳಗೆ ಬಹುಮತ ಯಾರಿಗೋ, ಇಡೀ ಗುಂಪಿನ ಒಂದು ಮತ ಅವರಿಗೆ.

ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯಿಂದ 193 ಎಣಿಸಿ ತಂದು ಮಗಳ ಮುಂದಿಡಿ. ಒಂದು ಅಡಿಕೆ, ಒಂದು ಸೆಂಚುರಿ. ಸಿರಿವಂತ ಕುದುರೆ ಸವಾರರಿಗೆ 18, ಹೆಚ್ಚು ಆಸ್ತಿಯ ಒಂದನೇ ವರ್ಗಕ್ಕೆ 80. ಎರಡು, ಮೂರು, ನಾಲ್ಕನೇ ವರ್ಗಗಳಿಗೆ ತಲಾ 20, ಐದನೆಯದಕ್ಕೆ 30. ಉಳಿದ ಐದರಲ್ಲಿ ನಾಲ್ಕು ಬಡಗಿ, ಕಮ್ಮಾರ, ಕಹಳೆಯವರ ಪಾಲು. ಕೊನೆಯ ಒಂದೇ ಒಂದು ಅಡಿಕೆ ಆಸ್ತಿಯಿಲ್ಲದ ಅಷ್ಟೂ ಜನಕ್ಕೆ! ಈಗ ಮೊದಲ ಎರಡು ರಾಶಿ ಕೂಡಿಸಿ: 98. ಗೆಲ್ಲಲು ಬೇಕಾದದ್ದು 97. ಮತದಾನ ಮೇಲಿನಿಂದ ಶುರುವಾಗಿ, ಬಹುಮತ ಬಂದ ಕೂಡಲೇ ನಿಲ್ಲುತ್ತಿತ್ತು. ಮೇಲಿನವರು ಒಗ್ಗಟ್ಟಾದ ದಿನ ಕೆಳಗಿನವರ ಸರದಿಯೇ ಬರುತ್ತಿರಲಿಲ್ಲ. ಕ್ರಿ.ಪೂ. 3ನೇ ಶತಮಾನದಲ್ಲಿ ಒಂದನೇ ವರ್ಗದ 80 ಇಳಿದು 70 ಆಯಿತು. ಎರಡನೇ ವರ್ಗದವರಿಗೆ ಬೆಲೆ ಬಂತು, ಬಡವರಿಗಲ್ಲ.

ಕಾನೂನು ಮಾಡುವ ಇನ್ನೊಂದು ಸಭೆ ಊರುಪ್ರದೇಶದ ಲೆಕ್ಕದ 35 ಬುಡಕಟ್ಟುಗಳದ್ದು. ಪ್ಲೀಬಿಯನ್ನರ ಸಭೆಯ ತೀರ್ಮಾನ ಎಲ್ಲರಿಗೂ ಅನ್ವಯ ಎಂದು ಕ್ರಿ.ಪೂ. 287ರಲ್ಲಿ ನಿಶ್ಚಯವಾಯಿತು. ಇದು ದೊಡ್ಡ ಗೆಲುವೇ. ಆದರೆ ರೋಮ್ ನಗರದ ಜನಜಂಗುಳಿಗೆ ಸಿಕ್ಕಿದ್ದು 35ರಲ್ಲಿ ನಾಲ್ಕು. ಹಳ್ಳಿಯವರು ರೋಮಿಗೇ ಬಂದು ಮತ ಹಾಕಬೇಕು. ಬದಿಯಡ್ಕದ ಕೂಲಿಯವರು ಮತ ಹಾಕಲು ತಿರುವನಂತಪುರಕ್ಕೇ ಹೋಗಬೇಕು ಎಂದಿದ್ದರೆ ಎಷ್ಟು ಮಂದಿ ಹೋದಾರು? ಹೆಂಗಸರಿಗೂ ಗುಲಾಮರಿಗೂ ಮತವೇ ಇರಲಿಲ್ಲ.

ಪ್ರಶ್ನೆ: ‘ವೀಟೊ’ ರೋಮಿನ ಮಾತೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಹೌದು, ಲ್ಯಾಟಿನ್ನಿನಲ್ಲಿ ‘ನಾನು ತಡೆಯುತ್ತೇನೆ’ ಎಂದರ್ಥ. ಪ್ಲೀಬಿಯನ್ನರ ಪರವಾಗಿ ಹತ್ತು ಮಂದಿ ಟ್ರಿಬ್ಯೂನರಿದ್ದರು. ಒಬ್ಬ ತಡೆದರೂ ಕಾನ್ಸಲನ ಆಜ್ಞೆ ನಿಲ್ಲುತ್ತಿತ್ತು. ಈ ಅಧಿಕಾರ ನಡೆಯುತ್ತಿದ್ದುದು ನಗರ ಮತ್ತು ಅದರಾಚೆ ಒಂದು ಮೈಲಿಯೊಳಗೆ ಮಾತ್ರ. ಯಾರು ಯಾವ ಹೊತ್ತಿಗೆ ಕಷ್ಟ ಹೇಳಿಕೊಂಡು ಬಂದರೂ ಸಿಗಬೇಕೆಂದು ಟ್ರಿಬ್ಯೂನನ ಮನೆಬಾಗಿಲು ಹಗಲಿರುಳೂ ತೆರೆದಿರಬೇಕಿತ್ತು.