ಮಾಡಿನ ಹೆಂಚನ್ನು ಹತ್ತು ಮನೆಗಳಿಂದ ಒಟ್ಟುಮಾಡಬೇಡಿ

ಊರಿನವರೇ ಸೇರಿ ಮರಗೆಲಸಕ್ಕೂ ಯಂತ್ರಗಳ ರಿಪೇರಿಗೂ ಕಟ್ಟುತ್ತಿರುವ ಕಾರ್ಯಾಗಾರಕ್ಕೆ ಮಾಡು ಹೊದಿಸಬೇಕಾಗಿದೆ, ಇಬ್ಬರು ಹಳೆಯ ಹೆಂಚು ಕೊಡುವುದಾಗಿ ಹೇಳಿದ್ದಾರೆ, ಉಳಿದದ್ದನ್ನು ದಾನವಾಗಿ ಯಾರ ಬಳಿ ಕೇಳಬೇಕು, ಹೆಂಚಿಗಿಂತ ಶೀಟು ಮೇಲೇ ಎಂದು ಕೇಳಿದ್ದೀರಿ. ನಾವೂ ಹಿಂದೆ ಇದನ್ನೇ ಕೇಳಿಕೊಂಡು ಊರೂರು ತಿರುಗಿದವರು. ಯಾರ ಬಳಿ ಕೇಳಬೇಕು ಎಂಬುದು ನಮಗೆ ಎಂದೂ ತೊಡಕಾಗಲಿಲ್ಲ. ಕೇಳಿದವರೆಲ್ಲ ಕೊಟ್ಟದ್ದೇ ತೊಡಕಾಯಿತು.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವುದು ನಮ್ಮ ಕಡೆ ಸಾಮಾನ್ಯವಾದುದರಿಂದ, ಹಿತ್ತಲಿನಲ್ಲಿ ಪಾಚಿಗಟ್ಟಿದ ಹೆಂಚಿನ ರಾಶಿಯಿಲ್ಲದ ಮನೆಯೇ ಅಪರೂಪ ಎನ್ನಬಹುದು. ಕಾರ್ಯಾಗಾರಕ್ಕೆಂದು ಕೇಳಿದರೆ ಯಾರೂ ಇಲ್ಲವೆನ್ನಲಿಲ್ಲ. ಒಬ್ಬರು ಇನ್ನೂರು ಹೆಂಚು ಕೊಟ್ಟರೆ ಇನ್ನೊಬ್ಬರು ದನದ ಕೊಟ್ಟಿಗೆಯ ಹೆಂಚನ್ನು ತಾವೇ ಟಿಲ್ಲರಿನಲ್ಲಿ ಹೇರಿಕೊಂಡು ಬಂದು ಇಳಿಸಿದರು. ಲೆಕ್ಕದ ಪುಸ್ತಕದಲ್ಲಿ ಹೆಂಚಿನ ಬಾಬ್ತಿನ ಎದುರು ಸೊನ್ನೆ ಬರೆದು ನಾವು ಬೀಗಿದ್ದೆವು.

ಮಳೆ ಹಿಡಿಯುವುದರೊಳಗೆ ಮಾಡು ಮುಗಿಯಬೇಕೆಂಬ ಅವಸರದಲ್ಲಿ, ಮೊದಲು ಬಂದ ರಾಶಿಯ ಒಂದು ಹೆಂಚನ್ನೇ ಅಳತೆಗೆ ಇಟ್ಟುಕೊಂಡು ರೀಪು, ಅಂದರೆ ಹೆಂಚು ಕೂರುವ ಅಡ್ಡಪಟ್ಟಿ, ಹೊಡೆಸಿಬಿಟ್ಟೆವು. ಹಿರಿಯ ಬಡಗಿಯೊಬ್ಬರು ‘ಹೆಂಚೆಲ್ಲ ಬಂದ ಮೇಲೆ ರೀಪು ಹೊಡೆಯೋಣ ಮಾರಾಯ್ರೆ’ ಎಂದಿದ್ದರು. ಎಲ್ಲವೂ ಮಂಗಳೂರು ಹೆಂಚೇ ಅಲ್ಲವೇ ಎಂದು ನಾನೇ ಅವರ ಬಾಯಿ ಮುಚ್ಚಿಸಿದ್ದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೋಡುವ ಕಣ್ಣಿಗೆ ಇದು ತಪ್ಪೆಂದೇ ಕಾಣುವುದಿಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ಮಾದರಿಯನ್ನು ಆಮೇಲೆ ಬೇರೆ ಬೇರೆ ಊರುಗಳ ಅನೇಕ ಕಾರ್ಖಾನೆಗಳು ಅನುಸರಿಸಿದವು. ಆದರೆ ಅವುಗಳ ಅಚ್ಚು ಒಂದೇ ಆಗಿರಲಿಲ್ಲ. ಈ ಹೆಂಚಿಗಾಗಿಯೇ ಇರುವ ಭಾರತೀಯ ಮಾನಕ ಐಎಸ್ 654ರಲ್ಲಿಯೂ 410×235, 420×250, 425×260 ಮಿಲಿಮೀಟರ್ ಎಂದು ಮೂರು ಅಳತೆಗಳಿವೆ. ಹೆಂಚಿನ ತಲೆಯ ಕಡೆ ಅಡಿಯಲ್ಲಿರುವ ಉಬ್ಬು ರೀಪಿಗೆ ಸಿಕ್ಕಿಕೊಳ್ಳುತ್ತದೆ, ಅದರ ಬಾಲದ ತುಟಿ ಕೆಳಗಿನ ಹೆಂಚಿನ ತಲೆಯ ಗಾಡಿಯಲ್ಲಿ, ಅಂದರೆ ತೋಡಿನಲ್ಲಿ, ಕೂರುತ್ತದೆ, ಪಕ್ಕದ ಏಣು ಮಗ್ಗುಲಿನ ಹೆಂಚಿನ ಗಾಡಿಯನ್ನು ಹಿಡಿಯುತ್ತದೆ. ಒಂದು ಅಡಿಗಿಂತ ತುಸು ಹೆಚ್ಚಿರುವ ರೀಪಿನ ಅಂತರವನ್ನು ನಿರ್ಧರಿಸುವುದು ಆ ತಲೆಗೂ ತುಟಿಗೂ ಇರುವ ದೂರವೇ ಹೊರತು ಬಡಗಿಯ ಅಂದಾಜಲ್ಲ. ಹೆಂಚು ಐದು ಮಿಲಿಮೀಟರ್ ಗಿಡ್ಡವಾದರೆ ತುಟಿ ಗಾಡಿಗೆ ತಲುಪದೆ ಹೆಂಚಿನ ಬೆನ್ನ ಮೇಲೆ ನಿಂತುಬಿಡುತ್ತದೆ. ಉದ್ದವಾದರೆ ಗಾಡಿಯನ್ನು ದಾಟಿ ಬಾಲ ಮೇಲೆದ್ದು ಕೂರುತ್ತದೆ. ಎರಡರಲ್ಲಿಯೂ ಬೆರಳು ತೂರುವಷ್ಟು ಸಂದಿ ಉಳಿಯುತ್ತದೆ. ಅಗಲದ ವ್ಯತ್ಯಾಸವಂತೂ ಇನ್ನೂ ಕಷ್ಟದ್ದು. ನಮ್ಮ ಮಾಡಿನ ಉದ್ದಕ್ಕೆ ಸಾಲೊಂದರಲ್ಲಿ ಅರವತ್ತಕ್ಕೂ ಹೆಚ್ಚು ಹೆಂಚು ಕೂರಬೇಕಿತ್ತು. ಹೆಂಚೊಂದಕ್ಕೆ ಮೂರು ಮಿಲಿಮೀಟರ್ ತಪ್ಪಿದರೂ ಸಾಲಿನ ಕೊನೆ ಮುಟ್ಟುವಾಗ ಗೇಣಿನಷ್ಟು ವ್ಯತ್ಯಾಸವಾಗಿ, ಮೇಲಿನ ಸಾಲಿನ ಗಾಡಿ ಕೆಳಗಿನ ಸಾಲಿನ ಗಾಡಿಗೆ ಸೇರದೆ ನೀರು ಹೆಂಚಿನ ನಡುಬೆನ್ನಿಗೆ ಬೀಳುತ್ತದೆ.

ಮೊದಲ ರಾಶಿಯ ಹೆಂಚು ಕೂರಿಸಿದಷ್ಟು ಜಾಗ ಕನ್ನಡಿಯಂತಿತ್ತು. ಅದರಾಚೆ ಬೇರೆ ರಾಶಿಗಳು ಬೆರೆತಲ್ಲೆಲ್ಲ ಹೆಂಚು ಅಲುಗುತ್ತಿತ್ತು. ಸುಣ್ಣದ ಗಾರೆ ಮೆತ್ತಿ, ಸಂದಿಗೆ ಚೂರು ತುರುಕಿ ಮುಗಿಸಿದೆವು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರನ್ನು ಮೀರುತ್ತದೆ. ನಮ್ಮ ಊರಿಗೆ ಅಷ್ಟು ಬೀಳದಿದ್ದರೂ ಗಾಳಿ ಅದೇ ದಿಕ್ಕಿನದು. ನೈರುತ್ಯದಿಂದ ಬೀಸುವ ಆ ಗಾಳಿ ನೀರನ್ನು ಇಳಿಜಾರಿಗೆ ಎದುರಾಗಿ, ಕೆಳಗಿನಿಂದ ಮೇಲಕ್ಕೆ ಸಂದಿಯೊಳಗೆ ತಳ್ಳುತ್ತದೆ. ಜುಲೈ ತಿಂಗಳಿನಲ್ಲಿ ಕೀಸುವ ಯಂತ್ರದ ಮೋಟರು ಸುಟ್ಟಿತು. ಸಾಗುವಾನಿ ಹಲಗೆಗಳು ಸೊಟ್ಟಗಾದವು. ಸ್ವಯಂಸೇವಕರಲ್ಲಿ ಅರ್ಧದಷ್ಟು ಜನ ಬರುವುದನ್ನೇ ನಿಲ್ಲಿಸಿದರು, ಮತ್ತು ಅವರ ಮೇಲೆ ನನಗೆ ಸಿಟ್ಟೂ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಹೆಂಚೆಲ್ಲ ಇಳಿಸಿ ರೀಪು ಕಿತ್ತೆವು. ಮೊಳೆ ಕೀಳುವಾಗ ಬಹುಪಾಲು ಸೀಳಿಹೋದದ್ದರಿಂದ ಹೊಸ ರೀಪು ಕೊಳ್ಳಬೇಕಾಯಿತು. ಆ ರೀಪು, ಮೋಟರು, ಎರಡನೆಯ ಸಲದ ಕೂಲಿ ಎಲ್ಲವನ್ನೂ ಕೂಡಿದರೆ, ಕೆಡವುತ್ತಿದ್ದ ಯಾವುದೋ ಒಂದೇ ಮನೆಯ ಹೆಂಚನ್ನು ಇಡಿಯಾಗಿ ಕೊಂಡುಕೊಂಡಿದ್ದರೆ ಆಗುತ್ತಿದ್ದ ಖರ್ಚಿಗಿಂತ ಹೆಚ್ಚಾಗಿತ್ತು.

ಆದ್ದರಿಂದ ‘ಯಾರ ಬಳಿ ದಾನ ಕೇಳಬೇಕು’ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಮಾಡಿನ ಮಟ್ಟಿಗೆ ವಸ್ತುವನ್ನು ದಾನವಾಗಿ ಕೇಳಲೇಬೇಡಿ ಎಂಬುದು. ಹಣ ಕೇಳಿ, ಲಾರಿ ಕೇಳಿ, ಹೆಂಚು ತೊಳೆಯುವ ಕೈಗಳನ್ನು ಕೇಳಿ. ಕಲ್ಲು, ಕಿಟಕಿ, ಬಾಗಿಲು, ಮೇಜು ಇವೆಲ್ಲ ಹತ್ತು ಮನೆಗಳಿಂದ ಬಂದರೂ ನಡೆಯುತ್ತದೆ. ಮಾಡು ಒಂದೇ ಮೂಲದಿಂದ ಬರಬೇಕು. ಕೊಳ್ಳುವ ಮೊದಲು ಲೆಕ್ಕ ಹಾಕಿ: 40 ಅಡಿ ಉದ್ದ, 20 ಅಡಿ ಅಗಲದ ಕಟ್ಟಡಕ್ಕೆ ಸುತ್ತ ಎರಡಡಿ ಸೂರು ಬಿಟ್ಟು 30 ಡಿಗ್ರಿ ಇಳಿಜಾರು ಕೊಟ್ಟರೆ ಮಾಡು ಸುಮಾರು 1,200 ಚದರ ಅಡಿಯಾಗುತ್ತದೆ. ಚದರ ಮೀಟರಿಗೆ 15 ಹೆಂಚಿನಂತೆ ಸುಮಾರು 1,700 ಬೇಕು, ಹಳೆಯದಾದರೆ ಒಡೆಯುವುದಕ್ಕೆಂದು ಇನ್ನೂ ಒಂದೂವರೆ ನೂರು. ಒಣಗಿದ ಹೆಂಚಿನ ತೂಕವೇ ನಾಲ್ಕು ಟನ್ ಮೀರುತ್ತದೆ, ಮಳೆಗಾಲದಲ್ಲಿ ನೀರು ಕುಡಿದಾಗ ಇನ್ನೂ ಹೆಚ್ಚು. ರೀಪನ್ನು ಹೊರುವ ಪಕಾಸು ಹಾಕುವಾಗ ಇದು ನೆನಪಿರಲಿ. ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಕಂಚಿನ ದನಿ ಬರದೆ ಬೊದ್ದು ದನಿ ಬಂದರೆ ಬಿರುಕಿದೆ ಅಥವಾ ಸರಿಯಾಗಿ ಬೆಂದಿಲ್ಲ ಎಂದರ್ಥ. ಹೆಂಚಿನ ಅಡಿಯಲ್ಲಿ 1865 ಎಂಬ ಮುದ್ರೆ ಕಂಡೊಡನೆ ನೂರೈವತ್ತು ವರ್ಷದ ಹೆಂಚೆಂದು ಹೆಚ್ಚು ಬೆಲೆ ಹೇಳುವವರಿದ್ದಾರೆ. ಅದು ಕಾರ್ಖಾನೆ ಆರಂಭವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ.

ಇನ್ನು ಶೀಟಿನ ಮಾತು. ಹಣ ತೀರಾ ಕಡಿಮೆಯಿದ್ದರೆ ತಗಡಿನ ಶೀಟು ಹಾಕಿ, ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಜೋರು ಮಳೆಯಲ್ಲಿ ಅದರಡಿ ಕಲಿಸುವವನ ಮಾತು ಕಲಿಯುವವನಿಗೆ ಕೇಳಿಸುವುದಿಲ್ಲ. ಹಳೆಯ ಕಲ್ನಾರು (ಆಸ್ಬೆಸ್ಟಾಸ್) ಶೀಟನ್ನು ಪುಕ್ಕಟೆ ಕೊಟ್ಟರೂ ತರಬೇಡಿ, ಕೊರೆದಾಗಲೂ ಮುರಿದಾಗಲೂ ಅದರಿಂದ ಏಳುವ ಎಳೆಗಳು ಶ್ವಾಸಕೋಶಕ್ಕೆ ಅಪಾಯಕಾರಿ. ಯಾರಾದರೂ ತಮ್ಮ ಜಮೀನಿನ ಮರ ಕೊಡುತ್ತೇನೆಂದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ತೆಂಗಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇರುವುದನ್ನು ನೆನಪಿಡಿ. ಉಳಿದವುಗಳಿಗೆ ಅರಣ್ಯ ಇಲಾಖೆಯ ಅನುಮತಿ ಕೈಗೆ ಬಂದ ಮೇಲೆಯೇ ಕೊಡಲಿ ಎತ್ತಲಿ.

ನಿಮಗೆ ಈಗಾಗಲೇ ಮಾತು ಕೊಟ್ಟಿರುವ ಇಬ್ಬರಿಗೆ ಬೇಡವೆನ್ನುವುದು ಕಷ್ಟವೆಂದು ಬಲ್ಲೆ. ಒಬ್ಬರ ಮನೆಯಿಂದ ನಾಲ್ಕು ಹೆಂಚು ಹಿಡಿದುಕೊಂಡು ಇನ್ನೊಬ್ಬರ ಮನೆಗೆ ಹೋಗಿ, ಸಮನೆಲದ ಮೇಲೆ ಅವರದ್ದನ್ನೂ ಇವರದ್ದನ್ನೂ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಬೆರೆಸಿ ಜೋಡಿಸಿ ನೋಡಿ. ಕೈಯಿಂದ ಅಲುಗಿಸಿದರೂ ಬಿಗಿಯಾಗಿ ಕೂತರೆ ನಿಮ್ಮ ಅದೃಷ್ಟ. ಕೂರದಿದ್ದರೆ ಒಬ್ಬರದ್ದನ್ನು ಮಾಡಿನ ಒಂದು ಇಳಿಜಾರಿಗೆ, ಇನ್ನೊಬ್ಬರದ್ದನ್ನು ಇನ್ನೊಂದಕ್ಕೆ ಮೀಸಲಿಟ್ಟು, ಎರಡಕ್ಕೂ ಬೇರೆ ಬೇರೆ ಅಂತರದಲ್ಲಿ ರೀಪು ಹಾಕಿಸಿ. ನಮ್ಮ ಕಟ್ಟಡ ಕೊನೆಗೆ ಉಳಿದದ್ದು ಹೀಗೆಯೇ, ನೆತ್ತಿಯ ಹೆಂಚು ಎರಡೂ ಕಡೆಯನ್ನು ಮುಚ್ಚುವುದರಿಂದ ಆ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಒಂದು ಇಳಿಜಾರಿಗೆ ಸಾಲದಷ್ಟು ಇದ್ದರೆ ಅದನ್ನು ಪಾಯಖಾನೆಗೋ ಕಟ್ಟಿಗೆ ಮನೆಗೋ ಹೊದಿಸಿ, ಕೊಟ್ಟವರ ಮನಸ್ಸೂ ನೋಯುವುದಿಲ್ಲ. ನೀವು ಕಬ್ಬಿಣದ ಪೈಪಿನ ಚೌಕಟ್ಟು ಮಾಡಿಸುತ್ತಿರುವುದಾಗಿ ಬರೆದಿದ್ದೀರಿ. ಮರದ ರೀಪನ್ನಾದರೂ ಕೀಳಬಹುದು, ಬೆಸೆದ ಪೈಪನ್ನು ಕತ್ತರಿಸಿಯೇ ತೆಗೆಯಬೇಕು. ಆದ್ದರಿಂದ ಹೆಂಚೆಲ್ಲ ಅಂಗಳಕ್ಕೆ ಬಂದು ಬೀಳುವವರೆಗೆ ರೀಪಿನ ಪೈಪನ್ನು ಬೆಸೆಯಬಾರದೆಂದು ವೆಲ್ಡಿಂಗ್‌ನವರಿಗೆ ಇವತ್ತೇ ಹೇಳಿಬಿಡಿ.