ಹಿತ್ತಲ ಎಕ್ಕ ಕಡಿಯಬೇಕೇ?

ಪ್ರಶ್ನೆ: ಮದುವೆಯಾಗಿ ಕೊಪ್ಪಳ ತಾಲ್ಲೂಕಿನ ಹಳ್ಳಿಗೆ ಬಂದು ಎರಡು ವರ್ಷವಾಯಿತು. ಹಿತ್ತಲಲ್ಲಿ ಎಕ್ಕ, ತಂಗಡಿ, ಬಚ್ಚಲ ನೀರು ಹರಿಯುವ ಕಡೆ ತುಂಬೆ ತಾವಾಗಿಯೇ ಬೆಳೆದಿವೆ. ಬೆಳಿಗ್ಗೆ ಚಹಾ ಹಿಡಿದು ಹತ್ತು ನಿಮಿಷ ಅಲ್ಲಿ ಕೂರುವುದೇ ನನಗೆ ದಿನದ ಸುಖ. ‘ಹಾವು ಸೇರುತ್ತದೆ, ಯುಗಾದಿಯೊಳಗೆ ಕಳೆನಾಶಕ ಹೊಡೆಸಿ ಬಯಲು ಮಾಡಬೇಕು’ ಎನ್ನುತ್ತಾರೆ ಅತ್ತೆ. ಏನು ಹೇಳಲಿ? (ಹೆಸರು ಬೇಡ)

ಉತ್ತರ: ತಾಯಿ, ಅತ್ತೆಯವರ ಭಯ ಸುಳ್ಳಲ್ಲ. ಅದನ್ನು ಮೊದಲು ಒಪ್ಪಿಕೊಳ್ಳಿ, ಆಮೇಲೆ ಮಾತು ಮುಂದುವರಿಸಿ. ಬಚ್ಚಲಿಗೆ ಹೋಗುವ ದಾರಿಯ ಎರಡೂ ಬದಿ ಒಂದೊಂದು ಮಾರು ಜಾಗ ನೀವೇ ನಿಂತು ಹಸನು ಮಾಡಿಸಿ. ಗೋಡೆಗೆ ಒಟ್ಟಿದ ಕಟ್ಟಿಗೆ, ಒಡೆದ ಹೆಂಚು, ಕಲ್ಲಿನ ಗುಡ್ಡೆ ತೆಗೆಸಿ. ಇಲಿ ಸೇರುವುದು ಅಲ್ಲಿ, ಇಲಿಯ ಹಿಂದೆ ಹಾವು. ಕಾಂಗ್ರೆಸ್ ಹುಲ್ಲನ್ನು ಹೂ ಬಿಡುವ ಮೊದಲೇ, ಕೈಗೆ ಚೀಲ ಕಟ್ಟಿಕೊಂಡು, ಬೇರುಸಹಿತ ಕೀಳಿಸಿ. ಬಳ್ಳಾರಿ ಜಾಲಿಯ ಸಸಿ ಕಂಡರೂ ಬಿಡಬೇಡಿ. ಇಷ್ಟಾದರೆ ಅತ್ತೆಯವರ ಮಾತಿನಲ್ಲಿ ಮುಕ್ಕಾಲು ಪಾಲು ನಡೆದಂತಾಯಿತು. ಉಳಿದ ಮೂಲೆಯನ್ನು ನಿಮಗೆಂದು ಕೇಳಿಕೊಳ್ಳಿ. ಕಳೆನಾಶಕ ಮಾತ್ರ ಬೇಡವೇ ಬೇಡ.

ಎಕ್ಕದ ವಿಷಯದಲ್ಲಿ ನಾನು ಹಟ ಹಿಡಿದೇ ಹೇಳುತ್ತೇನೆ. ಗಂಗಾವತಿ ಕಡೆಯ ನಮ್ಮ ಹಿತ್ತಲಲ್ಲಿ ಹೋಳಿ ಹುಣ್ಣಿಮೆಯ ಸುಮಾರಿಗೆ ಅದರ ಕಾಯಿ ಬಿರಿಯುತ್ತದೆ. ಒಳಗೆ ಚಪ್ಪಟೆ ಕಂದು ಬೀಜ, ಪ್ರತಿ ಬೀಜದ ತುದಿಗೆ ರೇಷ್ಮೆಯಂಥ ಬಿಳಿ ಎಳೆಗಳ ಕುಚ್ಚು. ಒಂದು ಬೆಳಿಗ್ಗೆ ಹೆಣ್ಣು ಸೂರಕ್ಕಿಯೊಂದು ಆ ಕಾಯಿಯ ಅಂಚಿಗೆ ಜೋತುಬಿದ್ದು ಎಳೆ ಕೀಳುತ್ತಿತ್ತು. ತಿರುಗಿ ನೋಡಿದಾಗ ಕೊಕ್ಕಿನ ಎರಡೂ ಬದಿ ಬಿಳಿ ಮೀಸೆ! ಹಾರಿದ ದಿಕ್ಕಿಗೆ ಕಣ್ಣಿಟ್ಟೆ. ಬಟ್ಟೆ ಒಣಹಾಕುವ ತಂತಿಯ ತುದಿಯಲ್ಲಿ, ನಾನು ಕಸವೆಂದು ತಿಳಿದು ಎರಡು ದಿನದಿಂದ ಕಿತ್ತೆಸೆಯಬೇಕೆಂದಿದ್ದ ಒಂದು ಜೊಂಪೆ, ಅದೇ ಅದರ ಗೂಡು. ಹೊರಗೆ ಜೇಡರಬಲೆಯಿಂದ ಅಂಟಿಸಿದ ಒಣ ತೊಗಟೆಯ ಚೂರು, ಕಸಕಡ್ಡಿ. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೆ ಪುಟ್ಟ ಸೂರು. ಒಳಗೆ ಎಕ್ಕದ ಎಳೆಯ ಹಾಸಿಗೆ. ಕಟ್ಟುವುದೆಲ್ಲ ಹೆಣ್ಣೇ. ಎರಡು ಮೊಟ್ಟೆ, ಎರಡು ವಾರದ ಆಸುಪಾಸು ಕಾವು, ಮರಿ ಹಾರಲು ಮತ್ತೆ ಹೆಚ್ಚುಕಡಿಮೆ ಅಷ್ಟೇ ದಿನ. ಆ ತಿಂಗಳೆಲ್ಲ ನಮ್ಮ ಮನೆಯ ಬಟ್ಟೆ ಕಾಂಪೌಂಡ್ ಗೋಡೆಯ ಮೇಲೆ ಒಣಗಿತು.

ಸೂರಕ್ಕಿ ಹೂವಿನ ಮಕರಂದ ಕುಡಿಯುತ್ತದೆ ನಿಜ, ಆದರೆ ಮರಿಯ ಬಾಯಿಗೆ ಹಾಕುವುದು ಹುಳು, ಜೇಡ. ಕಳೆನಾಶಕ ಬಿದ್ದ ಹಿತ್ತಲಲ್ಲಿ ಗಿಡ ಹೋಯಿತೆಂದರೆ ಗಿಡ ನಂಬಿದ ಹುಳುವೂ ಹೋಯಿತು. ಅತ್ತೆಯವರನ್ನು ಒಂದು ದಿನ ಚಹಾದ ಹೊತ್ತಿಗೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಕ್ಕದ ಹೂವಿಗೆ ಬರುವ ಕರಿ ಬಡಗಿ ದುಂಬಿಯ ಗುಂಯ್‌ಗುಟ್ಟುವಿಕೆ ಕೇಳಿಸಿ. ಹನುಮಪ್ಪನಿಗೆ ಎಕ್ಕದ ಹೂವಿನ ಹಾರ ಹಾಕುವ ಸೀಮೆ ನಮ್ಮದು. ಆ ಗಿಡದ ಮೇಲೆ ಅವರಿಗೂ ಒಳಗೊಳಗೇ ಪ್ರೀತಿ ಇದ್ದೀತು.

ಪ್ರಶ್ನೆ: ನಮ್ಮ ಗರಸು ಹೊಲದಲ್ಲಿ ಉದ್ದ ಕಾಲಿನ ಹಕ್ಕಿಯೊಂದು ತಲೆಯ ಮೇಲೆಯೇ ಎರಗಿ ಬರುತ್ತದೆ. ರಾತ್ರಿಯೂ ಕೂಗುತ್ತದೆ, ಅಪಶಕುನ ಎನ್ನುತ್ತಾರೆ. ಮುಂದಿನ ವಾರ ಟ್ರ್ಯಾಕ್ಟರ್ ಹೊಡೆಸಬೇಕು. (ಮಾನ್ವಿ ತಾಲ್ಲೂಕಿನ ರೈತರು)

ಉತ್ತರ: ಅದು ಟಿಟ್ಟಿಭ, ಯಜಮಾನರೇ. ಶಕುನವೂ ಅಲ್ಲ, ಅಪಶಕುನವೂ ಅಲ್ಲ. ಅಲ್ಲೆಲ್ಲೋ ಮೊಟ್ಟೆ ಇಟ್ಟಿದೆ. ಗೂಡು ಎನ್ನುವುದಕ್ಕೆ ಏನೂ ಇರುವುದಿಲ್ಲ. ಬರಿ ನೆಲದ ತಗ್ಗು, ಸುತ್ತ ನಾಲ್ಕು ಹರಳು, ನಡುವೆ ಸಾಮಾನ್ಯವಾಗಿ 4 ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕರಿ ಮಚ್ಚೆ. ಪಕ್ಕದಲ್ಲೇ ನಿಂತರೂ ಕಾಣುವುದಿಲ್ಲ. ಹಕ್ಕಿ ಎಲ್ಲಿಂದ ಏಳುತ್ತದೆ ಎಂದು ದೂರದಿಂದ ಗುರುತು ಹಾಕಿಕೊಂಡು, ನಾಲ್ಕು ಹೆಜ್ಜೆ ಆಚೆ ಒಂದು ಕೋಲು ನೆಡಿ. ಕೋಲಿಗೆ ಬಟ್ಟೆ ಕಟ್ಟಿ ಡ್ರೈವರ್‌ಗೆ ತೋರಿಸಿ. ಮೊಟ್ಟೆಯ ಸುತ್ತ ಮಂಚದಷ್ಟು ಜಾಗ ಬಿಟ್ಟು ಉಳಿದದ್ದನ್ನು ಉಳುಮೆ ಮಾಡಿಸಿ. ಮರಿ ಹೊರಬರಲು ನಾಲ್ಕು ವಾರ ಹಿಡಿಯುತ್ತದೆ. ಆದರೆ ಬಂದ ಕೆಲವೇ ಗಂಟೆಗಳಲ್ಲಿ ಕಾಲಿನ ಮೇಲೆ ಓಡುತ್ತದೆ, ಆಮೇಲೆ ಆ ಜಾಗ ನಿಮ್ಮದೇ. ಕೆರೆಯೋ ಕಾಲುವೆಯೋ ಹತ್ತಿರ ಇದ್ದರೆ ಮಧ್ಯಾಹ್ನ ಸ್ವಲ್ಪ ಹೊತ್ತು ನಿಂತು ನೋಡಿ: ತಾಯಿಹಕ್ಕಿ ಎದೆಯ ಗರಿ ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ರಾಯಚೂರಿನ ಬಿಸಿಲಿಗೆ ಮೊಟ್ಟೆ ಬೇಯದಂತೆ ಕಾಯುವುದು ಕಾವು ಕೊಡುವಷ್ಟೇ ದೊಡ್ಡ ಕೆಲಸ.

ಪ್ರಶ್ನೆ: ಮನೆಯ ಹಿಂದಿನ ಬಂಡೆಗಳಲ್ಲಿ ತಲೆ, ಕೊರಳು ಹಳದಿಯಾದ ಪಿಕಳಾರ (ಬುಲ್‌ಬುಲ್ ಹಕ್ಕಿ) ಕಂಡೆ. ಯಾರೂ ನಂಬುತ್ತಿಲ್ಲ. (ಸಂಡೂರು ತಾಲ್ಲೂಕಿನ ವಿದ್ಯಾರ್ಥಿ)

ಉತ್ತರ: ನಾನು ನಂಬುತ್ತೇನೆ. ಮೈ ಬೂದು, ಬಾಲದ ಬುಡವೂ ಹಳದಿ ಇದ್ದರೆ ಅದು ಹಳದಿ ಕೊರಳಿನ ಪಿಕಳಾರವೇ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದನ್ನೊಮ್ಮೆ ನೋಡಲೆಂದೇ ಹಂಪಿಗೆ, ದರೋಜಿ ಕರಡಿಧಾಮಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಿನಗೆ ಮನೆಯ ಹಿಂದೆಯೇ ಸಿಕ್ಕಿದೆ. ನಾಚಿಕೆಯ ಹಕ್ಕಿ, ಪೊದೆ ಬಿಟ್ಟು ಹೆಚ್ಚು ಹೊರಬರುವುದಿಲ್ಲ. ಮೊಬೈಲ್‌ನಲ್ಲಿ ಅದರ ಕೂಗು ಹಾಕಿ ಕರೆಯಬೇಡ, ಗೂಡು ಕಟ್ಟುವ ಹೊತ್ತಿನಲ್ಲಿ ಅದು ದಿಗಿಲುಬಿದ್ದು ಜಾಗ ಬಿಡಬಹುದು. ಬೆಳಿಗ್ಗೆ ಏಳರೊಳಗೆ ಒಂದೇ ಬಂಡೆಯ ಮೇಲೆ ಸುಮ್ಮನೆ ಕೂತುಕೋ. ಯಾವ ಗಿಡದ ಹಣ್ಣು ತಿನ್ನುತ್ತಿದೆ, ಎಷ್ಟು ಹೊತ್ತಿಗೆ ಬಂತು, ಜೊತೆಗೆ ಇನ್ನೊಂದಿತ್ತೇ, ಎಲ್ಲವನ್ನೂ ತಾರೀಖು ಹಾಕಿ ನೋಟ್‌ಬುಕ್‌ನಲ್ಲಿ ಬರೆ. ಒಂದು ತಿಂಗಳಾದ ಮೇಲೆ ಆ ಹಾಳೆಗಳ ನಕಲು ನನಗೆ ಕಳುಹಿಸು, ಕಾಯುತ್ತಿರುತ್ತೇನೆ.